ಹೋದ ಮಗಳು ಹಿಂದಿರುಗುವಳೇ? ಆರೋಗ್ಯ ವಿಜ್ಞಾನ ವಿಶ್ವವಿದ್ಯಾನಿಲಯದ ಬೇಸಿಗೆಗಳು

ಮೇ ತಿಂಗಳೆಂದರೆ ನಮ್ಮ ಕಥೋಲಿಕ ಕುಟುಂಬಗಳಿಗೆ ಮಾತೆ ಮರಿಯಮ್ಮನವರ ತಿಂಗಳು. ಸಂಜೆಯ ಜಪಸರ, ಮಕ್ಕಳ ಪ್ರಥಮ ಪರಮಪ್ರಸಾದ, ಮದುವೆಯ ಚಪ್ಪರ, ರಜೆಗೆಂದು ಊರಿಗೆ ಬಂದ ಮೊಮ್ಮಕ್ಕಳ ಗದ್ದಲ, ಇವುಗಳಲ್ಲಿಯೇ ತಿಂಗಳು ಕಳೆದುಹೋಗುತ್ತದೆ. ಇವೆಲ್ಲದರ ನಡುವೆ ಅನೇಕ ಮನೆಗಳಲ್ಲಿ ತಗ್ಗಿದ ದನಿಯಲ್ಲಿ ನಡೆಯುವ ಇನ್ನೊಂದು ಮಾತುಕತೆಯಿದೆ. ಪಿ.ಯು.ಸಿ. ಮುಗಿಸಿದ ಮಗ ಮುಂದೇನು ಓದಬೇಕು, ಮಗಳನ್ನು ಎಲ್ಲಿಗೆ ಕಳುಹಿಸಬೇಕು, ಹಣ ಎಲ್ಲಿಂದ ಒದಗಬೇಕು ಎಂಬ ಮಾತುಕತೆ ಅದು. ವೈದ್ಯಕೀಯ, ಶುಶ್ರೂಷೆ, ಔಷಧ ವಿಜ್ಞಾನ ಮುಂತಾದ ಓದಿನ ಆಸೆಯುಳ್ಳ ಮನೆಗಳಲ್ಲಿ ಆ ಮಾತು ಕೊನೆಗೆ ಬಂದು ನಿಲ್ಲುವುದು ಬೆಂಗಳೂರಿನ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದ ಬಾಗಿಲಿಗೆ.

ಆ ವಿಶ್ವವಿದ್ಯಾನಿಲಯದ ಬೇಸಿಗೆಯ ಸುದ್ದಿಗಳನ್ನು, ಸಾಧನೆಗಳನ್ನು ಈ ವಾರ ನಮ್ಮ ಓದುಗರ ಮುಂದಿಡಬೇಕೆಂದು ನಾವು ಬಗೆದಿದ್ದೆವು. ಆದರೆ ಅವುಗಳನ್ನು ಬೆಂಗಳೂರಿನಿಂದ ನೋಡುವುದು ಬೇರೆ, ಸರಸಂಬಾದಿಂದ ನೋಡುವುದು ಬೇರೆ ಎಂಬುದು ನಮಗೆ ಮನವರಿಕೆಯಾದದ್ದು ಒಬ್ಬ ತಾಯಿಯ ಪ್ರಶ್ನೆಯಿಂದ.

ಕಟ್ಟೆಯ ಮೇಲೆ ಕೇಳಿದ ಮಾತು

ಸರಸಂಬಾ ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿಗೆ ಸೇರಿದ ಹಳ್ಳಿ. ಮಹಾರಾಷ್ಟ್ರದ ಗಡಿಗೆ ತಾಗಿಕೊಂಡ ತಾಲ್ಲೂಕು ಅದು. ಜೋಳ, ತೊಗರಿಯ ಸೀಮೆ. ಬೇಸಿಗೆಯಲ್ಲಿ ಬಿಸಿಲು 42, 43 ಡಿಗ್ರಿಗೆ ಏರುವುದು ಅಲ್ಲಿಯವರಿಗೆ ಹೊಸತಲ್ಲ. ಕಲಬುರಗಿಯಲ್ಲಿ ನಮಗೆ ಪರಿಚಿತರಾದ ಧರ್ಮಭಗಿನಿಯೊಬ್ಬರೊಡನೆ ಒಂದು ಮೇ ತಿಂಗಳಿನಲ್ಲಿ ನಾವು ಆ ಕಡೆಗೆ ಹೋಗಿದ್ದೆವು. ನಾವು ಹೋಗಿ ಕುಳಿತ ಮನೆಯ ತಾಯಿ ನಮ್ಮ ಧರ್ಮದವರಲ್ಲ. ಅವರ ಮಗಳು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ತೇರ್ಗಡೆಯಾಗಿದ್ದಳು. ಬಿ.ಎಸ್‌ಸಿ. ನರ್ಸಿಂಗ್ ಓದಬೇಕೆಂಬುದು ಅವಳ ಹಟ.

ಆ ಹಟಕ್ಕೆ ಕಾರಣವಾದ ಸಂಗತಿಯನ್ನು ತಾಯಿಯೇ ಹೇಳಿದರು. ಹಿಂದಿನ ಬೇಸಿಗೆಯಲ್ಲಿ ಹೊಲದ ಬದು ಹಾಕುವ ಕೆಲಸದಲ್ಲಿದ್ದ ಅಜ್ಜಿ ನಡುಹಗಲಿನಲ್ಲಿ ಕುಸಿದುಬಿದ್ದರಂತೆ. ಮೈ ಕೆಂಡದಂತೆ ಸುಡುತ್ತಿತ್ತು, ಮಾತು ತೊದಲುತ್ತಿತ್ತು. ಸುತ್ತ ನೆರೆದವರಲ್ಲಿ ಒಬ್ಬರು ಗಾಳಿ ಸೋಕಿದೆ ಎಂದರು. ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಮತ್ತೊಬ್ಬರು ಬಾಯಿಗೆ ನೀರು ಸುರಿಯಲು ತಂಬಿಗೆ ತಂದರು. ಹುಡುಗಿ ಆ ತಂಬಿಗೆಯನ್ನು ತಡೆದಳು. ಅಜ್ಜಿಯನ್ನು ಬೇವಿನ ಮರದ ನೆರಳಿಗೆ ಎಳೆಸಿ, ಬಿಂದಿಗೆಯ ನೀರನ್ನು ಮೈಮೇಲೆಲ್ಲ ಹನಿಸಿ, ಒದ್ದೆ ಸೀರೆ ಹೊದಿಸಿ ಗಾಳಿ ಬೀಸಿದಳು. ಗಾಡಿ ಬರುವವರೆಗೆ, ಆಸ್ಪತ್ರೆ ಮುಟ್ಟುವವರೆಗೆ ಬೀಸುತ್ತಲೇ ಇದ್ದಳು. ಅಜ್ಜಿ ಉಳಿದರು. ಆಶಾ ಕಾರ್ಯಕರ್ತೆಯೊಬ್ಬರು ಎಂದೋ ಹೇಳಿಕೊಟ್ಟದ್ದನ್ನು ಹುಡುಗಿ ನೆನಪಿನಲ್ಲಿ ಇಟ್ಟುಕೊಂಡಿದ್ದಳು, ಅಷ್ಟೆ.

ಇಷ್ಟು ಹೇಳಿದ ಮೇಲೆ ಆ ತಾಯಿ ಧರ್ಮಭಗಿನಿಯವರ ಕಡೆ ತಿರುಗಿ, "ಸಿಸ್ಟರ್ ಅವ್ವಾ, ರೊಕ್ಕ ಹ್ಯಾಂಗರ ಮಾಡಿ ಹೊಂದಸ್ತೀವ್ರಿ. ಹುಡುಗಿನೂ ಶಾಣ್ಯಾ ಅದಾಳ. ಖರೆ, ಬೆಂಗಳೂರಿಗಿ ಹೋದಾಕಿ ತಿರುಗಿ ಊರಿಗಿ ಬರ್ತಾಳೇನ್ರಿ?" ಎಂದು ಕೇಳಿದರು. ಧರ್ಮಭಗಿನಿ ಕೂಡಲೇ ಉತ್ತರ ಕೊಡಲಿಲ್ಲ. ನಮಗೂ ಉತ್ತರ ತೋಚಲಿಲ್ಲ. ಈ ಲೇಖನವನ್ನು ಬರೆಯುವಾಗ ಆ ಪ್ರಶ್ನೆಯನ್ನು ನಾವು ಮೇಜಿನ ಮೇಲೆ ಇಟ್ಟುಕೊಂಡೇ ಕುಳಿತಿದ್ದೇವೆ.

1996ರ ಜೂನ್ 1

ಈ ವಿಶ್ವವಿದ್ಯಾನಿಲಯ ಹುಟ್ಟಿದ್ದೇ ಒಂದು ಬೇಸಿಗೆಯ ಕೊನೆಯಲ್ಲಿ. ರಾಜ್ಯದ ಶಾಸನಸಭೆ 1994ರಲ್ಲಿ ಒಪ್ಪಿದ ಕಾಯಿದೆಯ ಅನ್ವಯ 1996ರ ಜೂನ್ 1ರಂದು ಅದು ಅಸ್ತಿತ್ವಕ್ಕೆ ಬಂತು. ಅದಕ್ಕೆ ಮೊದಲು ನಮ್ಮ ನಾಡಿನ ವೈದ್ಯಕೀಯ ಮಹಾವಿದ್ಯಾಲಯಗಳು ಆಯಾ ಪ್ರದೇಶದ ಸಾಮಾನ್ಯ ವಿಶ್ವವಿದ್ಯಾನಿಲಯಗಳ ಅಡಿಯಲ್ಲಿದ್ದವು. ಬೆಂಗಳೂರಿನವು ಬೆಂಗಳೂರು ವಿಶ್ವವಿದ್ಯಾನಿಲಯಕ್ಕೂ, ಮೈಸೂರಿನದು ಮೈಸೂರು ವಿಶ್ವವಿದ್ಯಾನಿಲಯಕ್ಕೂ, ಕಲಬುರಗಿಯದು 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾನಿಲಯಕ್ಕೂ ಸೇರಿದ್ದವು. ಪಠ್ಯಕ್ರಮ, ಪರೀಕ್ಷೆಯ ಕಾಲ, ಮೌಲ್ಯಮಾಪನದ ಕ್ರಮ ಎಲ್ಲವೂ ಒಂದೊಂದು ಕಡೆ ಒಂದೊಂದು ಬಗೆ. ಹೊಸ ವಿಶ್ವವಿದ್ಯಾನಿಲಯ ಇವನ್ನೆಲ್ಲ ಒಂದೇ ಸೂರಿನಡಿ ತಂದಿತು. ವೈದ್ಯಕೀಯದ ಜತೆಗೆ ದಂತ ವೈದ್ಯ, ಶುಶ್ರೂಷೆ, ಔಷಧ ವಿಜ್ಞಾನ, ಫಿಸಿಯೋಥೆರಪಿ, ಆಯುರ್ವೇದ, ಹೋಮಿಯೋಪಥಿ, ಯುನಾನಿ, ಪ್ರಕೃತಿ ಚಿಕಿತ್ಸೆಗಳೂ ಅದರ ವ್ಯಾಪ್ತಿಗೆ ಬಂದವು. ಇಂದು ಸಾವಿರಕ್ಕೂ ಮಿಕ್ಕಿ ಕಾಲೇಜುಗಳು ಅದರ ಅಧೀನದಲ್ಲಿವೆ. 2021ರ ಫೆಬ್ರವರಿಯಲ್ಲಿ ನಡೆದ ಅದರ 23ನೆಯ ಘಟಿಕೋತ್ಸವಕ್ಕೆ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರೇ ಬಂದಿದ್ದರು.

ಒಂದೇ ಅಳತೆಗೋಲು ಬಂದದ್ದರ ಲಾಭವನ್ನು ನಾವು ಕಡೆಗಣಿಸಲಾಗದು. ಕಲಬುರಗಿಯ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಮಹಾವಿದ್ಯಾಲಯದ ವಿದ್ಯಾರ್ಥಿಯೂ ಬೆಂಗಳೂರಿನ ವಿದ್ಯಾರ್ಥಿಯೂ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆದು, ಒಂದೇ ಮುದ್ರೆಯ ಪದವಿ ಪಡೆಯುವಂತಾಯಿತು. ಆದರೂ ಪರೀಕ್ಷೆ ಒಂದಾದ ಮಾತ್ರಕ್ಕೆ ಆಸ್ಪತ್ರೆಗಳು ಎಲ್ಲ ಕಡೆ ಒಂದೇ ಸಮನಾಗುವುದಿಲ್ಲ. ಬೆಂಗಳೂರಿನಿಂದ ಕಲಬುರಗಿಗೆ ಸುಮಾರು 600 ಕಿಲೋಮೀಟರು. ಅಲ್ಲಿಂದ ಆಳಂದಕ್ಕೆ ಮತ್ತೆ ಸುಮಾರು 40 ಕಿಲೋಮೀಟರು. ಆ ದಾರಿಯಲ್ಲೇ ಸಿಗುವ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾನಿಲಯವಿದೆ. ಆಳಂದದ ಹಳ್ಳಿಗಳ ಜನ ವಿದ್ಯೆಗಾಗಿ ಮಕ್ಕಳನ್ನು ಅಲ್ಲಿಗೆ ಕಳುಹಿಸಬಲ್ಲರು. ಕಾಯಿಲೆ ಬಿದ್ದಾಗ ಮಾತ್ರ ಅವರು ಕಲಬುರಗಿಯ ಹಾದಿಯನ್ನೋ ಗಡಿಯಾಚೆಯ ಸೊಲ್ಲಾಪುರದ ಹಾದಿಯನ್ನೋ ಹಿಡಿಯುತ್ತಾರೆ.

1957ರ ಮೇ 5

ನಮ್ಮ ಸಮುದಾಯದ ಓದುಗರಿಗೆ ಇನ್ನೊಂದು ಬೇಸಿಗೆಯ ದಿನವನ್ನೂ ನೆನಪಿಸಬೇಕಾಗಿದೆ. 1957ರ ಮೇ 5ರಂದು ಬೆಂಗಳೂರಿನಲ್ಲಿ ವೃದ್ಧ ಧರ್ಮಭಗಿನಿಯೊಬ್ಬರು ಕಣ್ಣುಮುಚ್ಚಿದರು. ಅವರು ವೈದ್ಯೆ ಮೇರಿ ಗ್ಲೌರಿ. 1887ರಲ್ಲಿ ಆಸ್ಟ್ರೇಲಿಯದಲ್ಲಿ ಜನಿಸಿ, 1910ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದವರು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರು ಭಾರತದ ಹೆಣ್ಣುಮಕ್ಕಳಿಗಾಗಿ ಪಟ್ಟ ಶ್ರಮದ ವಿಷಯವನ್ನು 1915ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ಓದಿದ್ದೇ ಅವರ ಬಾಳಿನ ದಿಕ್ಕನ್ನು ಬದಲಿಸಿತು. 1920ರಲ್ಲಿ ಗುಂಟೂರಿಗೆ ಬಂದು ಯೇಸು ಮರಿಯ ಜೋಸೆಫರ ಹೆಸರಿನ ಸಂಸ್ಥೆಯನ್ನು ಸೇರಿದರು. ಆ ಕಾಲದಲ್ಲಿ ಕನ್ಯಾಸ್ತ್ರೀಯರು ವೈದ್ಯವೃತ್ತಿ ನಡೆಸುವುದಕ್ಕೆ, ಅದರಲ್ಲೂ ಹೆರಿಗೆ ಮಾಡಿಸುವುದಕ್ಕೆ ಧರ್ಮಸಭೆಯ ಕಟ್ಟುಪಾಡು ಅಡ್ಡಿಯಾಗಿತ್ತು. ಗ್ಲೌರಿಯವರು ವಿಶೇಷ ಅನುಮತಿ ಪಡೆದು ಕೆಲಸ ನಡೆಸಿದರು. ಆ ಅಡ್ಡಿಯನ್ನು ರೋಮ್ ಎಲ್ಲರಿಗೂ ತೆರವುಗೊಳಿಸಿದ್ದು 1936ರಲ್ಲಿ.

ಮುಂದೆ 1943ರಲ್ಲಿ ಧರ್ಮಭಗಿನಿಯರ ಒಂದು ಚಿಕ್ಕ ಗುಂಪನ್ನು ಕೂಡಿಸಿ ಅವರು ಕಟ್ಟಿದ ಕಥೋಲಿಕ ಆಸ್ಪತ್ರೆಗಳ ಸಂಘ ಇಂದು ದೇಶವ್ಯಾಪಿಯಾಗಿದೆ. ನಮ್ಮವರದೇ ಒಂದು ವೈದ್ಯಕೀಯ ಮಹಾವಿದ್ಯಾಲಯವಾಗಬೇಕೆಂಬುದು ಅವರ ದೊಡ್ಡ ಕನಸಾಗಿತ್ತು. ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ಒದಗಲಿಲ್ಲ. ಅವರು ತೀರಿಕೊಂಡ ಆರು ವರ್ಷಗಳ ಮೇಲೆ, 1963ರಲ್ಲಿ, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ಬೆಂಗಳೂರಿನಲ್ಲಿ ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ತನ್ನದೇ ಆಸ್ಪತ್ರೆಯಿಲ್ಲದ ಮೊದಲ ವರ್ಷಗಳಲ್ಲಿ ಅದರ ವಿದ್ಯಾರ್ಥಿಗಳು 1886ರಷ್ಟು ಹಳೆಯದಾದ ಸಂತ ಮಾರ್ತಾ ಆಸ್ಪತ್ರೆಯಲ್ಲಿ ಕಲಿತರು. ಕೋರಮಂಗಲದ ಜಾನ್‌ನಗರದಲ್ಲಿ ಸ್ವಂತ ಆಸ್ಪತ್ರೆ 1975ರಲ್ಲಿ ಎದ್ದುನಿಂತಿತು. 2013ರಲ್ಲಿ ಧರ್ಮಸಭೆ ಮೇರಿ ಗ್ಲೌರಿಯವರನ್ನು 'ದೇವರ ಸೇವಕಿ' ಎಂದು ಕರೆಯಿತು.

ಇದೇ 1963ರಲ್ಲಿ ಕಲಬುರಗಿಯಲ್ಲೂ ಮಹಾದೇವಪ್ಪ ರಾಂಪೂರೆಯವರ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡು ಸಂಸ್ಥೆಗಳೂ ಮುಂದೆ ಒಂದೇ ಆರೋಗ್ಯ ವಿಶ್ವವಿದ್ಯಾನಿಲಯದ ಮಕ್ಕಳಾದವು. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಯೇಸುಸಭೆಯ ವಂದನೀಯ ಆಗಸ್ಟಸ್ ಮುಲ್ಲರ್ ಅವರು ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧ ಹಂಚುತ್ತ ತೊಡಗಿದ ಸೇವೆ, 1890ರ ಕುಷ್ಠರೋಗಿಗಳ ಆಶ್ರಯಧಾಮವನ್ನು ದಾಟಿ, 1999ರಲ್ಲಿ ಫಾದರ್ ಮುಲ್ಲರ್ ವೈದ್ಯಕೀಯ ಮಹಾವಿದ್ಯಾಲಯವಾಗಿ ಬೆಳೆದು ಇದೇ ವಿಶ್ವವಿದ್ಯಾನಿಲಯವನ್ನು ಸೇರಿತು.

ರೊಟ್ಟಿ ಮತ್ತು ತೊಗರಿಯ ಲೆಕ್ಕ

ಸಾಧನೆ ಎಂದೊಡನೆ ಚಿನ್ನದ ಪದಕಗಳ ಪಟ್ಟಿ ಕೊಡುವುದು ವಾಡಿಕೆ. ಆ ಪಟ್ಟಿಗಳು ಪತ್ರಿಕೆಗಳಲ್ಲಿ ಹೇಗೂ ಬರುತ್ತವೆ. ಸರಸಂಬಾದ ಊಟದ ತಾಟಿಗೆ ನೇರವಾಗಿ ಸಂಬಂಧಿಸಿದ ಒಂದು ಸಾಧನೆಯನ್ನು ನಾವು ಇಲ್ಲಿ ಹೇಳಬಯಸುತ್ತೇವೆ.

ನಮ್ಮ ದೇಹ ಪ್ರೋಟೀನನ್ನು ಕಟ್ಟಿಕೊಳ್ಳಲು ಹಲವು ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ ಲೈಸೀನ್ ಎಂಬುದನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಒದಗಬೇಕು. ವಯಸ್ಕರಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 12 ಮಿಲಿಗ್ರಾಮ್ ಲೈಸೀನ್ ಸಾಕು ಎಂದು 1985ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಹೇಳಿದ್ದವು. ಆ ಲೆಕ್ಕ ಭಾರತದ ಬಡವರಿಗೆ ಹೊಂದುತ್ತದೆಯೇ ಎಂಬ ಶಂಕೆಯಿಂದ ಸಂತ ಜಾನರ ಮಹಾವಿದ್ಯಾಲಯದ ವಿಜ್ಞಾನಿ ಡಾ. ಅನುರ ಕುರ್ಪಾಡ್ ಮತ್ತು ಅವರ ಸಹೋದ್ಯೋಗಿಗಳು ಪ್ರಯೋಗಕ್ಕಿಳಿದರು.

ಅವರ ವಿಧಾನವನ್ನು ಸರಳವಾಗಿ ಹೀಗೆ ಹೇಳಬಹುದು. ಮನೆ ಕಟ್ಟುವಲ್ಲಿ ಇಟ್ಟಿಗೆಯೊಂದು ಕೊರತೆಯಾದರೆ ಉಳಿದ ಸಾಮಗ್ರಿ ಎಷ್ಟಿದ್ದರೂ ಕೆಲಸ ನಿಲ್ಲುತ್ತದೆ. ಹಾಗೆಯೇ ಲೈಸೀನ್ ಕೊರತೆಯಾದರೆ ಉಳಿದ ಅಮೈನೋ ಆಮ್ಲಗಳು ಉಪಯೋಗವಾಗದೆ ದೇಹದಲ್ಲಿ ಉರಿದು ಇಂಗಾಲದ ಡೈ ಆಕ್ಸೈಡಾಗಿ ಉಸಿರಿನೊಡನೆ ಹೊರಬೀಳುತ್ತವೆ. ಗುರುತು ಹಚ್ಚಿದ ಇಂಗಾಲವುಳ್ಳ ಇನ್ನೊಂದು ಅಮೈನೋ ಆಮ್ಲವನ್ನು ಸ್ವಯಂಸೇವಕರಿಗೆ ಕೊಟ್ಟು, ಬೇರೆ ಬೇರೆ ಪ್ರಮಾಣದ ಲೈಸೀನ್ ಉಣಿಸಿ, ಹಗಲಿರುಳು ಇಪ್ಪತ್ತನಾಲ್ಕು ಗಂಟೆ ಅವರ ಉಸಿರನ್ನು ಅಳೆದರು. ಆ ಗುರುತಿನ ಇಂಗಾಲ ಉಸಿರಿನಲ್ಲಿ ಎಲ್ಲಿ ತಗ್ಗಿ ನಿಲ್ಲುತ್ತದೋ ಅಲ್ಲಿಗೆ ಲೈಸೀನ್ ಸಾಕಷ್ಟಾಯಿತು ಎಂದರ್ಥ. ಉತ್ತರ 12 ಅಲ್ಲ, 30ರ ಆಸುಪಾಸು ಎಂದು ಕಂಡುಬಂತು. 2007ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರದಿ ಈ ಬಗೆಯ ಅಧ್ಯಯನಗಳನ್ನು ಆಧರಿಸಿ 30 ಮಿಲಿಗ್ರಾಮನ್ನೇ ಒಪ್ಪಿತು. ಐವತ್ತು ಕಿಲೋ ತೂಗುವವರಿಗೆ ದಿನಕ್ಕೆ 600 ಮಿಲಿಗ್ರಾಮ್ ಸಾಕೆಂದಿದ್ದುದು 1500 ಮಿಲಿಗ್ರಾಮ್ ಆಯಿತು.

ಇದರಿಂದ ಸರಸಂಬಾಕ್ಕೆ ಏನು? ಜೋಳದ ಪ್ರೋಟೀನಿನಲ್ಲಿ ಲೈಸೀನ್ ತೀರ ಕಡಿಮೆ. ತೊಗರಿಯಲ್ಲಿ ಅದು ಸಮೃದ್ಧ. ತೊಗರಿಯಲ್ಲಿ ಕೊರತೆಯಿರುವ ಬೇರೊಂದು ಅಮೈನೋ ಆಮ್ಲವನ್ನು ಜೋಳ ತುಂಬಿಕೊಡುತ್ತದೆ. ರೊಟ್ಟಿಯ ಜತೆಗೆ ಗಟ್ಟಿ ಬೇಳೆ ಉಣ್ಣುವ ಹಿರಿಯರ ರೂಢಿಯ ಹಿಂದೆ ಎಂಥ ವಿವೇಕವಿತ್ತೆಂಬುದು ಇದರಿಂದ ತಿಳಿಯುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿದೆ. ಅಂಥ ಬೇಳೆಯನ್ನು ಬೆಳೆದವರೇ ಅದನ್ನೆಲ್ಲ ಮಾರಿ, ತಾವು ರೊಟ್ಟಿಗೆ ಬರೀ ಖಾರ ಹಚ್ಚಿಕೊಂಡು ಉಣ್ಣುವಂತಾದರೆ, ಬೆಂಗಳೂರಿನ ಪ್ರಯೋಗಾಲಯದಲ್ಲಿ ಅಳೆದ ಉಸಿರಿಗೆ ಬೆಲೆ ಬಂದಂತಾಗಲಿಲ್ಲ. ಮನೆಯ ಬೆಳೆಯಲ್ಲಿ ಮಕ್ಕಳ ಪಾಲನ್ನು ಮೊದಲು ಎತ್ತಿಡಿರಿ ಎಂದು ಹೇಳುವವರು ಊರಿನಲ್ಲಿ ಬೇಕು. ಆ ಮಾತನ್ನು ಊರಿನ ಹೆಣ್ಣುಮಗಳೇ ದಾದಿಯಾಗಿ ಬಂದು ಹೇಳಿದರೆ ಜನ ಕೇಳುವ ಬಗೆಯೇ ಬೇರೆ.

2020ರ ಆ ಬೇಸಿಗೆ

ಬೇಸಿಗೆಯ ಸುದ್ದಿಗಳಲ್ಲಿ ಕಲಬುರಗಿಯವರು ಮರೆಯಲಾಗದ್ದು 2020ರದು. ಆ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರಿಗೆ ಕೋವಿಡ್ ತಗುಲಿತ್ತೆಂಬುದು 12ರಂದು ಖಚಿತವಾಯಿತು. ಅದು ಆ ರೋಗದಿಂದ ನಮ್ಮ ದೇಶದಲ್ಲಿ ಸಂಭವಿಸಿದ ಮೊದಲ ಸಾವು. ಅವರ ಗಂಟಲ ದ್ರವದ ಮಾದರಿಯನ್ನು ಪರೀಕ್ಷೆಗಾಗಿ ಬೆಂಗಳೂರಿಗೇ ಕಳುಹಿಸಬೇಕಾಗಿತ್ತು. ಫಲಿತಾಂಶ ಬರುವಷ್ಟರಲ್ಲಿ ರೋಗಿ ಇರಲಿಲ್ಲ. 600 ಕಿಲೋಮೀಟರಿನ ಅರ್ಥವೇನೆಂದು ಅಂದು ದೇಶವೇ ಕಂಡಿತು.

ಅನಂತರದ ವರ್ಷಗಳಲ್ಲಿ ಚಿತ್ರ ಸ್ವಲ್ಪಮಟ್ಟಿಗೆ ಬದಲಾಗಿದೆ ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಕಲಬುರಗಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲೇ ರೋಗಾಣು ಪರೀಕ್ಷೆಯ ವ್ಯವಸ್ಥೆಯಾಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಕಲಬುರಗಿ ಶಾಖೆಗೆ 2024ರ ಡಿಸೆಂಬರಿನಲ್ಲಿ 371 ಹಾಸಿಗೆಗಳ ಸ್ವಂತ ಕಟ್ಟಡ ಬಂತು. ಆ ಸಂಖ್ಯೆ ಸಂವಿಧಾನದ 371(ಜೆ) ವಿಧಿಯನ್ನು ನೆನಪಿಸುವಂಥದು. ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೊತ್ತೊಯ್ಯುತ್ತಿದ್ದ ಮನೆಗಳಿಗೆ ಇದು ದೊಡ್ಡ ಆಸರೆ. ಆದರೆ ಹಾಸಿಗೆಗಳ ಸುತ್ತ ಹಗಲಿರುಳು ನಿಲ್ಲಬೇಕಾದವರು ದಾದಿಯರು. ಕಟ್ಟಡವನ್ನು ಎರಡು ಮೂರು ವರ್ಷಗಳಲ್ಲಿ ಎಬ್ಬಿಸಬಹುದು. ಒಬ್ಬ ದಾದಿಯನ್ನು ಸಿದ್ಧಪಡಿಸಲು ಹದಿನೆಂಟು ವರ್ಷದ ಸಾಕಣೆಯೂ ನಾಲ್ಕು ವರ್ಷದ ಓದೂ ಬೇಕು.

ಮೇ 12ನ್ನು ಜಗತ್ತು ದಾದಿಯರ ದಿನವೆಂದು ಆಚರಿಸುತ್ತದೆ. 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ ಅದು. ನಮ್ಮ ಧರ್ಮಕೇಂದ್ರಗಳಲ್ಲಿ ಆ ವಾರದ ಬಲಿಪೂಜೆಯಲ್ಲಿ ದಾದಿಯರಿಗಾಗಿ ಪ್ರಾರ್ಥಿಸುತ್ತೇವೆ. ಪ್ರಾರ್ಥನೆಯ ಜತೆಗೆ ಅವರ ಓದಿನ ದಾರಿಯನ್ನು ಸುಗಮಗೊಳಿಸುವ ಹೊಣೆಯೂ ನಮ್ಮ ಮೇಲಿದೆ.

ಉಪ್ಪು, ಸಕ್ಕರೆ, ನೀರು

ಬೇಸಿಗೆಯ ಮಾತಿನಲ್ಲಿ ಇದೊಂದನ್ನು ಬಿಡಲಾಗದು. ಬಿಸಿಲಿನ ಝಳ ಹೊಡೆದಾಗ ದೇಹದ ಶಾಖ 40 ಡಿಗ್ರಿ ಸೆಲ್ಸಿಯಸ್ ದಾಟಿ, ಮಾತು ತಪ್ಪಿ, ಪ್ರಜ್ಞೆ ಮಸುಕಾದರೆ ಅದು ಪ್ರಾಣಾಪಾಯ. ನೆರಳು, ಮೈಮೇಲೆ ತಣ್ಣೀರು, ಗಾಳಿ, 108ರ ಗಾಡಿಗೆ ಕರೆ, ಇವು ಒಡನೆಯೇ ಆಗಬೇಕಾದ ಕೆಲಸಗಳು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಸರಸಂಬಾದ ಹುಡುಗಿ ತಂಬಿಗೆಯನ್ನು ತಡೆದದ್ದು ಸರಿಯಾಗಿಯೇ ಇತ್ತು.

ವಾಂತಿಭೇದಿಯ ಮಾತು ಬೇರೆ. ಅಲ್ಲಿ ಬಾಯಿಂದ ಕುಡಿಸುವ ನೀರೇ ಸಂಜೀವಿನಿ. 1971ರ ಬೇಸಿಗೆಯಲ್ಲಿ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿದಾಗ, ಬನಗಾಂವ್ ಶಿಬಿರದಲ್ಲಿ ಡಾ. ದಿಲೀಪ್ ಮಹಲಾನಬಿಸ್ ಅವರ ಬಳಿ ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಿತ್ತು. ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸತೊಡಗಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. 2022ರಲ್ಲಿ ಅವರು ನಿಧನರಾದ ಮೇಲೆ, 2023ರಲ್ಲಿ, ದೇಶ ಅವರಿಗೆ ಪದ್ಮವಿಭೂಷಣವನ್ನು ಸಲ್ಲಿಸಿತು. ಔಷಧದ ಪೊಟ್ಟಣ ಸಿಗದಿದ್ದಾಗ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಬೆರೆಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾಗಬಾರದು. ಈ ಅಳತೆಯನ್ನು ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿಕೊಳ್ಳಿರಿ ಎಂದು ನಮ್ಮ ತಾಯಂದಿರಲ್ಲಿ ಕೇಳಿಕೊಳ್ಳುತ್ತೇವೆ.

ತಂದೆತಾಯಿಯರ ಗಮನಕ್ಕೆ

ಇನ್ನು ಪ್ರವೇಶದ ಮಾತು. ಎಂ.ಬಿ.ಬಿ.ಎಸ್. ಸೇರಲು ನೀಟ್ ಪರೀಕ್ಷೆಯೊಂದೇ ದಾರಿ. 2017ರಿಂದ ಅದನ್ನು ಕನ್ನಡದಲ್ಲೂ ಬರೆಯಬಹುದಾಗಿದೆ. ಹಿಂದೆ ಸಂತ ಜಾನರ ಮಹಾವಿದ್ಯಾಲಯ ತನ್ನದೇ ಪ್ರವೇಶ ಪರೀಕ್ಷೆ ನಡೆಸುತ್ತಿತ್ತು. ಅಲ್ಪಸಂಖ್ಯಾತರ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು 2020ರ ಏಪ್ರಿಲ್ 29ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ನಮ್ಮ ಸಂಸ್ಥೆಗಳಲ್ಲಿ ಕಥೋಲಿಕರಿಗೆ ಮೀಸಲಾದ ಸ್ಥಾನಗಳು ಇದರಿಂದ ಇಲ್ಲವಾಗಲಿಲ್ಲ. ಆದರೆ ಅವುಗಳಿಗೂ ನೀಟ್ ಅಂಕಗಳೇ ಅಳತೆ. ಪಾದ್ರಿಗಳ ಶಿಫಾರಸು ಪತ್ರವೊಂದಿದ್ದರೆ ಸಾಕೆಂದು ನಂಬಿ ಕುಳಿತ ಕೆಲವು ಕುಟುಂಬಗಳು ನಿರಾಶೆಗೊಂಡದ್ದನ್ನು ನಾವು ಬಲ್ಲೆವು.

ಬಿ.ಎಸ್‌ಸಿ. ನರ್ಸಿಂಗ್‌ಗೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಓದಿರಬೇಕು. ಓದಿನ ಅವಧಿ ನಾಲ್ಕು ವರ್ಷ. ಬೇಸಿಗೆ ಬಂತೆಂದರೆ ಊರೂರಿಗೆ ಬರುವ ಮಧ್ಯವರ್ತಿಗಳ ವಿಷಯದಲ್ಲಿ ಎಚ್ಚರವಿರಲಿ. ಅವರು ಹೆಸರಿಸುವ ಕಾಲೇಜು ಆರೋಗ್ಯ ವಿಶ್ವವಿದ್ಯಾನಿಲಯದ ಪಟ್ಟಿಯಲ್ಲಿ ಇದೆಯೇ, ರಾಜ್ಯ ಶುಶ್ರೂಷಾ ಪರಿಷತ್ತು ಅದನ್ನು ಒಪ್ಪಿದೆಯೇ, ಕಲಿಯಲು ರೋಗಿಗಳಿರುವ ಆಸ್ಪತ್ರೆ ಅದಕ್ಕೆ ಇದೆಯೇ ಎಂದು ವಿಚಾರಿಸದೆ ಒಂದು ರೂಪಾಯಿಯನ್ನೂ ಕೊಡಬಾರದು. ಮೂಲ ಅಂಕಪಟ್ಟಿಗಳನ್ನಂತೂ ಮಧ್ಯವರ್ತಿಗಳ ಕೈಗೆ ಕೊಡಲೇಬಾರದು.

ಕಲ್ಯಾಣ ಕರ್ನಾಟಕದ ಕುಟುಂಬಗಳು 371(ಜೆ) ಅರ್ಹತಾ ಪತ್ರವನ್ನು ಉಪವಿಭಾಗದ ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳಬೇಕು. 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯಂತೆ ಆ ಪ್ರದೇಶದ ಸಂಸ್ಥೆಗಳಲ್ಲಿ ನೂರಕ್ಕೆ 70ರಷ್ಟು ಸ್ಥಾನಗಳೂ, ರಾಜ್ಯದ ಉಳಿದೆಡೆ ನೂರಕ್ಕೆ 8ರಷ್ಟು ಸ್ಥಾನಗಳೂ ಸ್ಥಳೀಯರಿಗೆ ಮೀಸಲು. ಫಲಿತಾಂಶ ಬಂದ ಮೇಲೆ ಕಚೇರಿಗೆ ಓಡುವವರು ಸಾಲಿನ ಕೊನೆಯಲ್ಲಿ ನಿಲ್ಲಬೇಕಾಗುತ್ತದೆ.

ಹಿಂದಿರುಗುವ ಮಾತು

ಈಗ ಆ ತಾಯಿಯ ಪ್ರಶ್ನೆಗೆ ಮರಳೋಣ. ಓದಲು ಹೋದವರು ತಿರುಗಿ ಬರುತ್ತಾರೆಯೇ?

ಸಂತ ಜಾನರ ಮಹಾವಿದ್ಯಾಲಯದ ಸ್ಥಾಪಕರ ಮುಂದೆಯೂ ಇದೇ ಪ್ರಶ್ನೆಯಿತ್ತು. ಆದ್ದರಿಂದಲೇ ಪದವಿ ಪಡೆದವರು ಗೊತ್ತುಪಡಿಸಿದ ಅವಧಿಯವರೆಗೆ ವೈದ್ಯರ ಸೌಕರ್ಯವಿಲ್ಲದ ಕಡೆ ಕೆಲಸ ಮಾಡಬೇಕೆಂಬ ಕರಾರನ್ನು ಅವರು ಇಟ್ಟರು. ರಾಜ್ಯ ಸರ್ಕಾರವೂ 2012ರಲ್ಲಿ ವೈದ್ಯ ಪದವೀಧರರ ಗ್ರಾಮೀಣ ಸೇವೆಗೆ ಕಾಯಿದೆ ತಂದಿತು. ಇತ್ತೀಚಿನ ವರ್ಷಗಳಲ್ಲಿ ವೈದ್ಯ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯವನ್ನು ವಿಚಾರಿಸುತ್ತಿರಬೇಕೆಂಬ ನಿಯಮವೂ ಬಂದಿದೆ. ಇವೆಲ್ಲ ಒಳ್ಳೆಯವೇ. ಆದರೂ ಕರಾರು ಮುಗಿದ ದಿನವೇ ಪೆಟ್ಟಿಗೆ ಕಟ್ಟುವವರೂ ಇದ್ದಾರೆ, ಕರಾರು ಮುಗಿದು ಮೂವತ್ತು ವರ್ಷವಾದರೂ ಅಲ್ಲಿಯೇ ಉಳಿದವರೂ ಇದ್ದಾರೆ. ಉಳಿದವರನ್ನು ಉಳಿಸಿದ್ದು ಕಾಗದದ ಕರಾರಲ್ಲ ಎಂದಷ್ಟೇ ಹೇಳಬಹುದು.

ಹೋದವರನ್ನೆಲ್ಲ ದೂರುವುದು ಸುಲಭ. ನಮ್ಮ ಸಮುದಾಯದ ಎಷ್ಟೋ ದಾದಿಯರು ಕೊಲ್ಲಿ ರಾಷ್ಟ್ರಗಳಲ್ಲಿ, ಯುರೋಪಿನಲ್ಲಿ ದುಡಿದು ತಂಗಿಯರ ಮದುವೆ ಮಾಡಿದ್ದಾರೆ, ತಮ್ಮಂದಿರನ್ನು ಓದಿಸಿದ್ದಾರೆ, ಚರ್ಚಿನ ಗೋಪುರಕ್ಕೆ ಕಾಣಿಕೆ ಕಳುಹಿಸಿದ್ದಾರೆ. ಅವರ ಬೆವರನ್ನು ಹಗುರವಾಗಿ ಕಾಣುವ ಹಕ್ಕು ನಮಗಿಲ್ಲ. ಆದರೆ ಹಳ್ಳಿಗೆ ಹಿಂದಿರುಗಲು ಮನಸ್ಸುಳ್ಳವರಿಗೆ ನಾವು ಏನನ್ನು ಸಿದ್ಧಪಡಿಸಿದ್ದೇವೆ? ಕಲಬುರಗಿ ಧರ್ಮಪ್ರಾಂತ 2005ರಲ್ಲಿ ಸ್ಥಾಪನೆಯಾಗಿ ಪೂಜ್ಯ ರಾಬರ್ಟ್ ಮಿರಾಂದಾ ಅವರು ಅದರ ಮೊದಲ ಧರ್ಮಾಧ್ಯಕ್ಷರಾದರು. ಕಥೋಲಿಕರು ಬೆರಳೆಣಿಕೆಯಷ್ಟಿರುವ ಸೀಮೆ ಅದು. ದಕ್ಷಿಣದ ಉಳ್ಳವರ ಧರ್ಮಕೇಂದ್ರವೊಂದು ಅಲ್ಲಿಯ ಒಬ್ಬ ಹೆಣ್ಣುಮಗಳ ನಾಲ್ಕು ವರ್ಷದ ಓದಿನ ವೆಚ್ಚವನ್ನು, ಅವಳ ಧರ್ಮ ಯಾವುದೆಂದು ಕೇಳದೆ, ವಹಿಸಿಕೊಳ್ಳಬಾರದೇಕೆ? ಗಾಯಗೊಂಡವನನ್ನು ಛತ್ರಕ್ಕೆ ಒಯ್ದ ಸಮಾರಿಯದವನು ಮೊದಲು ಕುಲ ವಿಚಾರಿಸಲಿಲ್ಲ. ಛತ್ರದವನ ಕೈಗೆ ಎರಡು ನಾಣ್ಯವಿಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುತ್ತೇನೆ ಎಂದ. ಅವನೂ ತಿರುಗಿ ಬರುವ ಮಾತನ್ನೇ ಆಡಿದ್ದನೆಂಬುದು ನಮಗೆ ಈಗ ಹೊಳೆಯುತ್ತಿದೆ.

ಆ ದಿನ ನಾವು ಹೊರಡುವ ಹೊತ್ತಿಗೆ ಧರ್ಮಭಗಿನಿ ತಾಯಿಗೆ ಉತ್ತರ ಹೇಳಿದರು. ಹುಡುಗಿ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಕಲಬುರಗಿಯಲ್ಲೂ ಅದೇ ವಿಶ್ವವಿದ್ಯಾನಿಲಯದ ಕಾಲೇಜುಗಳಿವೆ, ಹಬ್ಬಕ್ಕೂ ಸುಗ್ಗಿಗೂ ಊರು ಕಾಣುವಷ್ಟು ಹತ್ತಿರವಿದ್ದು ಓದಲಿ, ಬರುವುದು ಬಿಡುವುದು ಆಮೇಲೆ ಅವಳ ಮನಸ್ಸು ಎಂದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಂಗಾದ್ರ ಅರ್ಜಿ ತುಂಬ್ರಿ ಅವ್ವಾ" ಎಂದರು. ಹುಡುಗಿ ಒಳಗಿನಿಂದ ಅಂಕಪಟ್ಟಿಗಳ ಪ್ಲಾಸ್ಟಿಕ್ ಚೀಲವನ್ನು ತಂದಳು. ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದ ಅಜ್ಜಿ ಅವಳನ್ನೇ ನೋಡುತ್ತಿದ್ದರು.

ಆ ಅರ್ಜಿಯ ಮುಂದಿನ ಕಥೆಯನ್ನು ಕಾಲವೇ ಹೇಳಬೇಕು. ಅಂಥ ಮನೆಗಳು ನಮ್ಮ ಸುತ್ತ ಇನ್ನೂ ಎಷ್ಟಿವೆಯೆಂಬುದನ್ನು ಈ ಬೇಸಿಗೆಯಲ್ಲಿ ನಮ್ಮ ಓದುಗರು ಒಮ್ಮೆ ಎಣಿಸಿನೋಡಲೆಂದು ಕೋರುತ್ತೇವೆ.